ಮೊದಲು ಸಾಯುವವರಿಗೂ ಕಣ್ಣು ಬೇಕು

“ಎರಡನೆಯ ಸುತ್ತಿಗೆಲ್ಲ ಡಬ್ಬಿ ಸೇರುವವರಿಗೆ ಇಷ್ಟೊಂದು ಯಾಕೆ ಮಾಡುತ್ತೀರಿ?” ಎಂದರು ನನ್ನ ಎದುರಾಳಿ, ನಾನು ಬಣ್ಣ ಹಚ್ಚಿದ ಪುಟ್ಟ ಬಿಲ್ಲುಗಾರ ಬೊಂಬೆಗಳನ್ನು ನೋಡಿ. ಈ ವಾರವೆಲ್ಲ ಆ ಮಾತು ತಲೆಯನ್ನು ಕೊರೆಯುತ್ತಿದೆ.

ಮೇಜಿನ ಮೇಲೆ ಬೊಂಬೆಗಳ ಸೇನೆ ನಿಲ್ಲಿಸಿ, ದಾಳ ಹಾಕಿ ಕಾದಾಡುವ ಈ ಆಟದಲ್ಲಿ ಅವರು ನನಗಿಂತ ಬಹಳ ಹಿರಿಯರು. ಕುದುರೆಪಡೆ ಎಲ್ಲಿಯವರೆಗೆ ಮುಟ್ಟಬಲ್ಲದು ಎಂಬುದನ್ನು ಅಳತೆಪಟ್ಟಿ ಹಿಡಿಯದೆ ಕಣ್ಣಳತೆಯಲ್ಲೇ ಹೇಳುತ್ತಾರೆ. ಸೋತವನ ಪಕ್ಕ ಕುಳಿತು ಎಲ್ಲಿ ಎಡವಿದೆ ಎಂದು ತಾಳ್ಮೆಯಿಂದ ತೋರಿಸಿಕೊಡುತ್ತಾರೆ. ಅವರ ಸೇನಾಪತಿಯನ್ನು ನೋಡಬೇಕು. ಅವನು ಏರಿದ ಡ್ರ್ಯಾಗನ್ನಿನ ರೆಕ್ಕೆಯಲ್ಲಿ ಒಂದೊಂದು ನರವೂ ಎದ್ದು ಕಾಣುತ್ತದೆ, ಬಾವುಟದ ಮೇಲೆ ಅವರೇ ಕುಂಚ ಹಿಡಿದು ಬರೆದ ಸಿಂಹವಿದೆ. ಅದೇ ಸೇನೆಯ ಕಾಲಾಳುಗಳು ಮಾತ್ರ ವರ್ಷಗಳಿಂದ ಬೂದು ಪ್ರೈಮರ್‌ನಲ್ಲಿಯೇ, ಬಣ್ಣಕ್ಕೆ ಮುಂಚೆ ಬಳಿಯುವ ಲೇಪದಲ್ಲಿಯೇ, ನಿಂತಿದ್ದಾರೆ. ಮುಖವೂ ಬೂದು, ಈಟಿಯೂ ಬೂದು. ಆ ಸಿಂಹವನ್ನು ಬರೆದ ಕೈಗೆ ಸೋಮಾರಿತನ ಎನ್ನಲಾಗದು. ಸಾಲಿನಲ್ಲಿ ನಿಂತವನು ಅವರ ಪಾಲಿಗೆ ಒಂದು ಲೆಕ್ಕ, ಅಷ್ಟೇ. ಈ ಎಣಿಕೆ ನನಗೆ ಒಪ್ಪಿಗೆಯಿಲ್ಲ.

ಅವರ ಮಾತಿನಲ್ಲಿ ಸುಳ್ಳಿಲ್ಲ ಎಂಬುದೂ ನಿಜ. ಬಿಲ್ಲುಗಾರರ ಮೈಮೇಲೆ ಕವಚ ಕಡಿಮೆ. ಭಾರದ ಕುದುರೆಪಡೆ ಬಂದು ತಾಗಿದರೆ ಸಾಲಿಗೆ ಸಾಲೇ ಖಾಲಿ. ನನ್ನವರೂ ಆ ದಿನ ಹಾಗೆಯೇ ಹೋದರು.

ನನ್ನ ಬಿಲ್ಲುಗಾರರು ಎಲ್ಫ್‌ಗಳು, ಪಶ್ಚಿಮದ ಕಥೆಗಳಲ್ಲಿ ಬರುವ ಮಾಯಾಜೀವಿಗಳು; ಪೆಟ್ಟಿಗೆಯಲ್ಲಿ ಬಂದಾಗ ಅವರು ಈಟಿಗಾರರು. ಮೈ ಪ್ಲಾಸ್ಟಿಕ್, ಬಿಲ್ಲುಗಳು ರೆಸಿನ್ ಎಂಬ ಎರಕದ ರಾಳದ ಬೇರೊಂದು ಸೆಟ್ಟಿನವು. ಪ್ಲಾಸ್ಟಿಕ್‌ಗೆ ಪ್ಲಾಸ್ಟಿಕ್ ಸೇರಿಸುವ ಅಂಟು ಎರಡೂ ಮೇಲ್ಮೈಗಳನ್ನು ಕರಗಿಸಿ ಬೆಸೆಯುತ್ತದೆ. ರೆಸಿನ್ ಮೇಲೆ ಅದರ ಆಟ ನಡೆಯುವುದಿಲ್ಲ, ಸೂಪರ್ ಗ್ಲೂ ಬೇಕು. ರೆಸಿನ್ನಿನಲ್ಲಿ ಒಂದು ಸುಖವಿದೆ: ಕುದಿದ ನೀರಿನಲ್ಲಿ ಅದ್ದಿದರೆ ಬಿಲ್ಲು ಮೆತ್ತಗಾಗುತ್ತದೆ. ಬೇಕಾದಷ್ಟು ಬಗ್ಗಿಸಿ ತಣ್ಣೀರಿಗೆ ಹಾಕಿದರೆ ಹಾಗೆಯೇ ಗಟ್ಟಿಯಾಗುತ್ತದೆ. ಇದು ಮುಖ್ಯ. ಮಾರುಕಟ್ಟೆಯ ಎಷ್ಟೋ ಬೊಂಬೆಗಳಲ್ಲಿ ಬಿಲ್ಲುಗಾರನ ಕೈ ಕೆನ್ನೆಯವರೆಗೆ ಬಂದಿರುತ್ತದೆ, ಬಿಲ್ಲು ಮಾತ್ರ ಗೋಡೆಗೆ ತೂಗುಹಾಕಿದಷ್ಟೇ ನೆಟ್ಟಗಿರುತ್ತದೆ. ಬಿಲ್ಲು ಬಾಗದಿದ್ದರೆ ಆ ಕೈಯಲ್ಲಿ ಬಲವೆಲ್ಲಿಂದ ಬಂತು?

ಬಲಗೈಯನ್ನು ಮೊಣಕೈಯ ಬಳಿ ಕತ್ತರಿಸಿ, ತೆಳ್ಳಗಿನ ತಂತಿ ಚುಚ್ಚಿ ಹೊಸ ಕೋನದಲ್ಲಿ ಕೂರಿಸಿದೆ. ಬಿರುಕನ್ನು ಗ್ರೀನ್ ಸ್ಟಫ್ ಎಂಬ, ಆಮೇಲೆ ಗಟ್ಟಿಯಾಗುವ ಮೆತ್ತಗಿನ ಕಣಕದಿಂದ ತುಂಬಿ ತೋಳಿನ ಮಡಿಕೆಗಳನ್ನು ತೀಡಿದೆ. ಹೆಚ್ಚು ಹೊತ್ತು ತಿಂದದ್ದು ತಲೆ. ಬಾಣ ಹೂಡಿದವನು ಗುರಿಗೆ ಮೈಯನ್ನು ಓರೆಯಾಗಿಸಿ ಎಡಭುಜದ ಮೇಲಿನಿಂದ ನೋಡುತ್ತಾನೆ. ಈಟಿಗಾರನ ತಲೆ ನೇರ ಮುಂದಕ್ಕಿರುತ್ತದೆ. ಅದನ್ನು ತಿರುಗಿಸಿದರೆ ಉದ್ದ ಕೂದಲು ಭುಜಕ್ಕೆ ತಗುಲಿ ನಿಲ್ಲುತ್ತದೆ. ಕೂದಲನ್ನು ಸವರಿ, ಕತ್ತಿನ ಹಿಂದೆ ಮತ್ತೆ ಎಳೆ ಎಳೆಯಾಗಿ ಮೂಡಿಸಬೇಕು. ಬಿಲ್ಲು ಹಿಡಿದ ಮುಷ್ಟಿ, ಬಾಣ, ದವಡೆಯ ಕೆಳಗಿನ ಬೆರಳುಗಳು ಒಂದೇ ಗೆರೆಗೆ ಬಂದು, ಕಣ್ಣು ಅದರ ನೇರಕ್ಕೆ ತಿರುಗಿದಾಗ ಆ ಬೊಂಬೆ ಯಾರನ್ನೋ ನೋಡತೊಡಗುತ್ತದೆ.

ಹೆದೆಗೆ ಹಳೆಯ ವಿದ್ಯುತ್ ತಂತಿಯೊಳಗಿನ ತಾಮ್ರದ ಎಳೆ. ಎರಡೂ ತುದಿ ಹಿಡಿದು ಮೆಲ್ಲನೆ ಜಗ್ಗಿದರೆ ಸೊಟ್ಟವೆಲ್ಲ ಹೋಗಿ ಸೆಟೆದು ನಿಲ್ಲುತ್ತದೆ. ಬಿಲ್ಲಿನ ತುದಿಗಳಲ್ಲಿ ಬ್ಲೇಡಿನಿಂದ ಸಣ್ಣ ಕಚ್ಚು ಹಾಕಿ, ಸೂಜಿಮೊನೆಯಷ್ಟು ಅಂಟು ಇಟ್ಟು ಕೂರಿಸಿದೆ. ಒಬ್ಬ ಬತ್ತಳಿಕೆಗೆ ಕೈ ಹಾಕಿದ್ದಾನೆ, ಒಬ್ಬ ಬಾಣ ಹೂಡುತ್ತಿದ್ದಾನೆ, ಒಬ್ಬ ಪೂರ್ತಿ ಎಳೆದು ಹಿಡಿದಿದ್ದಾನೆ. ಸಾಲಿನ ಕೊನೆಯವನ ಬಿಲ್ಲಿನಲ್ಲಿ ಬಾಣವಿಲ್ಲ. ಹೆದೆ ನೇರವಾಗಿದೆ, ಬಲಗೈ ಕಿವಿಯ ಹಿಂದಕ್ಕೆ ಸರಿದು ಬೆರಳುಗಳು ಬಿಡಿಸಿಕೊಂಡಿವೆ.

ಆ ದಿನ ಪಕ್ಕದ ಮೇಜಿನಲ್ಲಿ ಆಡುತ್ತಿದ್ದ ಹುಡುಗಿಯೊಬ್ಬಳು ತನ್ನ ಸರದಿ ಬರುವವರೆಗೆ ನಮ್ಮ ಮೇಜಿಗೆ ಬಂದಳು. ಗಲ್ಲ ಮೇಜಿಗೆ ತಾಗುವಷ್ಟು ಬಗ್ಗಿ ಆ ಕೊನೆಯವನನ್ನು ನೋಡಿ, “ಇವನು ಈಗಷ್ಟೇ ಬಿಟ್ಟನಲ್ಲವೇ? ತಾಗಿತೇ?” ಎಂದಳು.

“ಇನ್ನೂ ಹಾರುತ್ತಿದೆ” ಎಂದೆ.

ಎದುರಾಳಿ ಆಗಲೇ ಆ ಮಾತು ಆಡಿದ್ದು. ಎರಡನೆಯ ಸುತ್ತಿಗೆಲ್ಲ ಡಬ್ಬಿ ಸೇರುವವರಿಗೆ ಇಷ್ಟೊಂದು ಯಾಕೆ? ಆ ಹೊತ್ತಿಗೆ ನನ್ನಲ್ಲಿ ಉತ್ತರವಿರಲಿಲ್ಲ. “ದಾಳ ಹಾಕಿ, ನೋಡೋಣ” ಎಂದು ಆಟ ಮುಂದುವರಿಸಿದೆ. ಉತ್ತರಗಳು ಬಂದದ್ದು ಆಮೇಲೆ, ಕುಂಚ ತೊಳೆಯುವಾಗ, ನಿದ್ದೆ ಬಾರದಾಗ. ಬೇಗ ಹೋಗುವವರಾದರೆ ನೋಡಲು ಸಿಗುವುದೇ ಸ್ವಲ್ಪ ಹೊತ್ತು; ಆ ಹೊತ್ತಿನಲ್ಲಿಯೂ ಅವರು ಬೂದು ಮುಖದಲ್ಲಿ ನಿಂತಿರಬೇಕೇ? ಸೇನಾಪತಿ ಆಟದ ಕೊನೆಯವರೆಗೂ ಮೇಜಿನ ಮೇಲಿರುತ್ತಾನೆ, ಅವನಿಗೇನು ಅವಸರ?

ಒಂದು ಉತ್ತರವಂತೂ ಸಮುದ್ರದ ತಳದಿಂದ ಬಂದಿದೆ. ಇಂಗ್ಲೆಂಡಿನ ದೊರೆ ಎಂಟನೆಯ ಹೆನ್ರಿಯ ಯುದ್ಧನೌಕೆ ಮೇರಿ ರೋಸ್ 1545ರಲ್ಲಿ ಪೋರ್ಟ್ಸ್‌ಮೌತ್ ಬಳಿ ಮುಳುಗಿತು. 1982ರಲ್ಲಿ ಅದರ ಉಳಿದ ಭಾಗವನ್ನು ಮೇಲೆತ್ತಿದರು. ಅದರೊಳಗೆ ನೂರಕ್ಕೂ ಹೆಚ್ಚು ಯೂ ಮರದ ಬಿಲ್ಲುಗಳು, ಸಾವಿರಾರು ಬಾಣಗಳು ಸಿಕ್ಕಿದ್ದವು. ಕೆಲವು ಅಸ್ಥಿಪಂಜರಗಳಲ್ಲಿ ಭುಜದ ಮೂಳೆಯ ತುದಿ ಬೆಸೆದುಕೊಂಡೇ ಇರಲಿಲ್ಲ. ಎಳೆಯ ವಯಸ್ಸಿನಿಂದ ಭಾರದ ಬಿಲ್ಲು ಎಳೆದದ್ದು ಇದಕ್ಕೆ ಕಾರಣವಿರಬಹುದು ಎಂದು ಸಂಶೋಧಕರು ಹೇಳುತ್ತಾರೆ. ಹೆದೆ ಬಡಿಯದಂತೆ ಮಣಿಕಟ್ಟಿಗೆ ಕಟ್ಟುವ ಚರ್ಮದ ಪಟ್ಟಿಗಳೂ ಸಿಕ್ಕವು. ಅವುಗಳಲ್ಲಿ ಕೆಲವಕ್ಕೆ ಚಿತ್ತಾರ ಒತ್ತಿದ್ದಾರೆ. ದಿನವೂ ಹೆದೆಯ ಏಟು ತಿನ್ನುವ ಚರ್ಮದ ತುಂಡಿಗೂ ಯಾರೋ ಕೂತು ಚಿತ್ತಾರ ಒತ್ತಿದ್ದಾರೆ! ಅವರಿಗೆ ಅದು ದಂಡ ಎನಿಸಲಿಲ್ಲ. ನನ್ನ ಎಲ್ಫ್‌ಗಳು ಕಲ್ಪನೆಯ ಜೀವಿಗಳೇ ಇರಬಹುದು. ಅವರ ಎಡ ಮಣಿಕಟ್ಟಿಗೂ ಪಟ್ಟಿ ಕಟ್ಟಿದ್ದೇನೆ, ಪ್ರತಿಯೊಂದಕ್ಕೂ ಚುಕ್ಕಿ ಗೆರೆಗಳ ಬೇರೆ ಬೇರೆ ಚಿತ್ತಾರ.

ಬಿಲ್ಲಿನ ಬಣ್ಣವೂ ಅಲ್ಲಿಂದಲೇ ಬಂತು. ಒಳ್ಳೆಯ ಯೂ ಬಿಲ್ಲು ಒಂದೇ ಕಂದು ಬಣ್ಣದ್ದಾಗಿರುವುದಿಲ್ಲ. ಗುರಿಯ ಕಡೆಗಿನ ಮುಖದಲ್ಲಿ ತೊಗಟೆಯಡಿಯ ಬಿಳಿಚು ಮರ. ಅದು ಹಿಗ್ಗುವಿಕೆಯನ್ನು ತಾಳುತ್ತದೆ. ಬಿಲ್ಲುಗಾರನ ಕಡೆಗೆ ಕೆಂಗಂದು ತಿರುಳು. ಅದು ಒತ್ತಡವನ್ನು ತಾಳುತ್ತದೆ. ಹಾಗಾಗಿ ಹೊರಮೈಗೆ ಕೆನೆಬಣ್ಣ, ಒಳಮೈಗೆ ಕಿತ್ತಳೆ ಬೆರೆತ ಕಂದು. ಮೇಲಂಗಿಗಳ ಹಸಿರಿನದ್ದೂ ಇದೇ ಕಥೆ. ಯುರೋಪಿನ ಹಳೆಯ ಬಣ್ಣಗಾರರು ಬಟ್ಟೆಯನ್ನು ಒಮ್ಮೆ ನೀಲಿಗೂ ಒಮ್ಮೆ ಹಳದಿಗೂ ಅದ್ದಿ ಹಸಿರು ಬರಿಸುತ್ತಿದ್ದರು. ಒಂದು ಅದ್ದಿಕೆ ಹೆಚ್ಚುಕಡಿಮೆಯಾದರೂ ಛಾಯೆ ಬದಲಾಗುತ್ತದೆ. ಅದಕ್ಕೇ ನನ್ನವರಲ್ಲಿ ಒಬ್ಬನ ಹಸಿರು ಇನ್ನೊಬ್ಬನದಲ್ಲ. ನಾನು ತೋಳು ಕೂರಿಸಿದ ಗ್ರೀನ್ ಸ್ಟಫ್ ಕೂಡ ನೀಲಿ, ಹಳದಿ ಪಟ್ಟಿಗಳನ್ನು ಕಲಸಿ ನಾದಿದ ಹಸಿರೇ ಎಂಬುದು ನೆನಪಾಗಿ ಖುಷಿಯಾಯಿತು.

ಕಣ್ಣು ಕೊನೆಗೆ. ಕುಳಿಗೆ ಗಾಢ ಕಂದು, ಅದರೊಳಗೆ ಮಾಸಲು ಬಿಳಿಯ ಗೆರೆ, ಬಾಣದ ದಿಕ್ಕಿಗೆ ಒಂದು ಚುಕ್ಕೆ, ಆಮೇಲೆ ಚರ್ಮದ ಬಣ್ಣದಿಂದ ಅಂಚು ಸರಿಪಡಿಸುವುದು. ಚುಕ್ಕೆ ಕೂದಲೆಳೆಯಷ್ಟು ಜರುಗಿದರೂ ನೋಟ ಬೇರೆಡೆ ಹೋಗುತ್ತದೆ. ಮೂರಡಿ ದೂರದಿಂದ ಇದು ಯಾರಿಗೂ ಕಾಣುವುದಿಲ್ಲ ಎನ್ನುವವರಿದ್ದಾರೆ. ಆ ಹುಡುಗಿ ಮೂರಡಿ ದೂರದಲ್ಲಿ ನಿಲ್ಲಲಿಲ್ಲ. ಬಗ್ಗಿ ನೋಡುವವರು ಕಡಿಮೆ ಎಂದು ಅವರ ಪಾಲಿನದನ್ನು ಕೊಡದೆ ಇರಲಾಗುತ್ತದೆಯೇ? ಬೊಂಬೆಗಳ ವಿಷಯದಲ್ಲಿ ಮಾತ್ರ ಇದನ್ನು ಕೇಳುತ್ತಿಲ್ಲ. ಸಾಲಿನಲ್ಲಿ ನಿಲ್ಲುವವರನ್ನು, ಹೆಸರು ಕೇಳದೆ ಎಣಿಸಲ್ಪಡುವವರನ್ನು ನಾವೆಲ್ಲರೂ ದಿನವೂ ಮೂರಡಿ ದೂರದಿಂದಲೇ ನೋಡುತ್ತೇವೆ.

ನಿನ್ನೆ ಎದುರಾಳಿಗೆ ಫೋನ್ ಮಾಡಿದೆ. “ನಿಮ್ಮ ಈಟಿಗಾರರಲ್ಲಿ ಮುಂದಿನ ಸಾಲನ್ನು ನನಗೆ ಕೊಡಿ, ಬಣ್ಣ ಹಚ್ಚಿಕೊಡುತ್ತೇನೆ” ಎಂದೆ.

“ಮುಂದಿನ ಸಾಲಿಗೆ ಬಣ್ಣ, ಹಿಂದಿನವರೆಲ್ಲ ಬೂದು. ಅಸಹ್ಯವಾಗಿ ಕಾಣುವುದಿಲ್ಲವೇ?”

“ಕಾಣುತ್ತದೆ. ಅದಕ್ಕೇ ಕೇಳುತ್ತಿದ್ದೇನೆ.”

ಅವರು ಜೋರಾಗಿ ನಕ್ಕರು. ಪೂರ್ತಿ ಪಡೆಯನ್ನೇ ಕಳುಹಿಸುತ್ತೇನೆ ಎಂದರು, ಬಾವುಟ ಹಿಡಿದವನೊಬ್ಬನನ್ನು ಬಿಟ್ಟು. ಅವನಿಗೆ ತಾವೇ ಬಣ್ಣ ಹಚ್ಚುತ್ತಾರಂತೆ. ಕಣ್ಣಿಗೆ ಯಾವ ಕುಂಚ ಬಳಸುತ್ತೀರಿ ಎಂದೂ ಕೇಳಿದರು.