ಪ್ರಥಮ ಏಕಾದಶಿಯ ಸಾಲು, ನನ್ನ ಸೊಂಟ

17 ಜುಲೈ 2024, ಬುಧವಾರ
ಡೊಂಬಿವಲಿ

ಇವತ್ತು ಮಠದಲ್ಲಿ ಕಾಯಿಸಿದ ಶಂಖ ಚಕ್ರದ ಮುದ್ರೆ ಹಾಕಿಸಿಕೊಳ್ಳುವ ಸಾಲಿನಲ್ಲಿ 40 ನಿಮಿಷ ನಿಂತೆ. ಹೋದ ವರ್ಷ 10 ನಿಮಿಷಕ್ಕೇ ಸೊಂಟ ಹಿಡಿದು, ಎಡಗಾಲು ಜೋಮು ಬಂದು, ಗೋಡೆಗೆ ಒರಗಿದ್ದೆ. ಯಾರೋ ಪುಣ್ಯಾತ್ಮರು ಕುರ್ಚಿ ತಂದುಕೊಟ್ಟಿದ್ದರು. ಈ ಸಲವೂ ಪೂರ್ತಿ ನಿಲ್ಲಲು ಆಗಲಿಲ್ಲ, ಕೊನೆಯ ಹೊತ್ತು ಕುಳಿತೇ ಇದ್ದೆ. ಆದರೂ 40 ನಿಮಿಷ! ತೋಳಿನ ಮೇಲೆ ಶಂಖ ಚಕ್ರ ಒತ್ತಿಸಿಕೊಂಡು ಎದ್ದಾಗ ಯಾರ ಕೈಯನ್ನೂ ಹಿಡಿಯಲಿಲ್ಲ. ಕಣ್ಣಲ್ಲಿ ನೀರು ಬಂತು. ಹೊಗೆಯಿಂದಲೂ ಇರಬಹುದು, ಆದರೆ ಪೂರ್ತಿ ಹೊಗೆಯಿಂದಲ್ಲ.

ನನಗೀಗ 71. ಮುನಿಸಿಪಾಲಿಟಿಯ ಕನ್ನಡ ಶಾಲೆಯಲ್ಲಿ ಟೀಚರ್ ಆಗಿದ್ದೆ. ಗಾಡಿಯಲ್ಲಿ ನಿಂತೇ ಹೋಗುವುದು, ನಿಂತೇ ಪಾಠ ಮಾಡುವುದು, ಮತ್ತೆ ನಿಂತೇ ಬರುವುದು. ಆ ಸೊಂಟ ಈಗ ಲೆಕ್ಕ ಕೇಳುತ್ತಿದೆ. ಎರಡನೇ ಮಹಡಿಯ ಮನೆ, ಲಿಫ್ಟ್ ಇಲ್ಲ, 38 ಮೆಟ್ಟಿಲು. ಹತ್ತುವಾಗ ದಮ್ಮು ಹತ್ತುತ್ತದೆ ಅಷ್ಟೇ. ಭಯ ಆಗುವುದು ಇಳಿಯುವಾಗ.

ಸೊಂಟ ನೋಯುವವರು ನಮ್ಮ ಸೊಸೈಟಿಯಲ್ಲಿ ತುಂಬಾ ಜನ ಇದ್ದಾರೆ. ಅವರಿಗಾಗಿಯೇ ಇವತ್ತು, ಈ 40 ನಿಮಿಷ ಹೇಗೆ ಸಾಧ್ಯವಾಯಿತು ಎಂಬುದನ್ನೆಲ್ಲ ಬರೆದಿಡುತ್ತಿದ್ದೇನೆ.

ಶುರುವಾಗಿದ್ದು ಜನವರಿಯಲ್ಲಿ. ಮೊಮ್ಮಗ ಮೊಬೈಲಿನಲ್ಲಿ ವಿಡಿಯೋ ತೋರಿಸಿದ. ಒಬ್ಬರು ಮಲಗಿರುತ್ತಾರೆ, ಇನ್ನೊಬ್ಬರು ಕುತ್ತಿಗೆ ಹಿಡಿದು ತಿರುಗಿಸುತ್ತಾರೆ, ಲಟಲಟ ಎಂದು ನೆಟಿಗೆ ಮುರಿದ ಸದ್ದು, ಎದ್ದವರ ಮುಖದಲ್ಲಿ ನಗು. "ಅಜ್ಜಿ, ಇದು ಕೈರೋಪ್ರಾಕ್ಟಿಕ್, ಬೆನ್ನುಮೂಳೆಗೆ ಕೈಯಿಂದ ಮಾಡೋ ಚಿಕಿತ್ಸೆ. ನೋವು ಒಂದೇ ಸಲಕ್ಕೆ ಹೋಗುತ್ತೆ" ಅಂದ. ನೋವಿನಲ್ಲಿದ್ದವರಿಗೆ ಆಸೆ ಜಾಸ್ತಿ ಅಲ್ವಾ, ಹೋದೆ. ಅಲ್ಲಿದ್ದವರು ನನ್ನ ವಯಸ್ಸು ಕೇಳಲಿಲ್ಲ, ಮೂಳೆ ಹೇಗಿದೆ ಎಂದು ಕೇಳಲಿಲ್ಲ, ಯಾವ ಮಾತ್ರೆ ನುಂಗುತ್ತೀರಿ ಎಂದೂ ಕೇಳಲಿಲ್ಲ. 5 ನಿಮಿಷದಲ್ಲಿ ಕುತ್ತಿಗೆ ಒಂದು ಕಡೆ, ಸೊಂಟ ಒಂದು ಕಡೆ ತಿರುಗಿಸಿ ಮುಗಿಸಿದರು. ಆಮೇಲೆ ನಾಲ್ಕು ದಿನ ನಾನು ಹಾಸಿಗೆಯಿಂದ ಏಳಲಿಲ್ಲ.

ನಮ್ಮ ಡಾಕ್ಟರು ಕೇಳಿ ತಲೆ ಮೇಲೆ ಕೈಯಿಟ್ಟುಕೊಂಡರು. ಕುತ್ತಿಗೆಯನ್ನು ರಭಸವಾಗಿ ತಿರುಗಿಸಿದರೆ, ಅಪರೂಪಕ್ಕಾದರೂ, ಮಿದುಳಿಗೆ ಹೋಗುವ ರಕ್ತನಾಳ ಒಳಗೇ ಹರಿದು ಪಾರ್ಶ್ವವಾಯು ಆಗಬಹುದಂತೆ. ಮೂಳೆ ಟೊಳ್ಳಾಗಿದ್ದರೆ ಬೆನ್ನಿನ ಮಣಿಯೇ ಕುಸಿಯಬಹುದು. ರಕ್ತ ತೆಳು ಮಾಡುವ ಮಾತ್ರೆ ನುಂಗುವವರಂತೂ ಹೇಳದೆ ಮೈ ಮುಟ್ಟಿಸಿಕೊಳ್ಳಲೇಬಾರದು.

ಅವರೇ ಮೂಳೆಯ ಗಟ್ಟಿತನ ಅಳೆಯುವ ಡೆಕ್ಸಾ ಸ್ಕ್ಯಾನ್ ಬರೆದುಕೊಟ್ಟರು. ಸುಮ್ನೆ ಮಲಗಿದರೆ ಆಯಿತು, ಸೂಜಿಯಿಲ್ಲ, ನೋವಿಲ್ಲ. ನನ್ನ ಅಂಕ ಮೈನಸ್ 2.1 ಬಂತು. ಮೈನಸ್ 1ರವರೆಗೆ ಸರಿ, ಅಲ್ಲಿಂದ ಮೈನಸ್ 2.5ರವರೆಗೆ ಮೂಳೆ ಸವೆಯುತ್ತಿದೆ ಎಂದರ್ಥ, ಮೈನಸ್ 2.5 ಮುಟ್ಟಿದರೆ ಆಸ್ಟಿಯೋಪೊರೋಸಿಸ್, ಅಂದರೆ ಮೂಳೆ ಟೊಳ್ಳಾಗುವ ಕಾಯಿಲೆ. ನಾನು ಅಂಚಿನ ಹತ್ತಿರವೇ ಇದ್ದೇನೆ. ಎಂಆರ್‌ಐ ನೋಡಿ ಇನ್ನೊಂದು ವಿಷಯ ಹೇಳಿದರು. ಬೆನ್ನುಮೂಳೆಯ ಒಳಗೆ ನರ ಹಾದುಹೋಗುವ ದಾರಿ ವಯಸ್ಸಿನಿಂದ ಕಿರಿದಾಗಿದೆ. ನೆಟ್ಟಗೆ ನಿಂತರೆ ಆ ದಾರಿ ಇನ್ನೂ ಬಿಗಿಯಾಗುತ್ತದೆ, ಮುಂದಕ್ಕೆ ಬಾಗಿದರೆ ಸಡಿಲಾಗುತ್ತದೆ. ಸಾಲಿನಲ್ಲಿ ನಿಂತಾಗ ಕಾಲು ಜೋಮು ಹಿಡಿದು, ಕುಳಿತ ಕೂಡಲೇ ಹಾಯ್ ಅನ್ನಿಸುತ್ತಿದ್ದುದು ಯಾಕೆ ಎಂದು ಅವತ್ತು ಗೊತ್ತಾಯಿತು.

ಏಪ್ರಿಲ್‌ನಲ್ಲಿ ಅವರೇ ಮುಲುಂಡ್‌ನ ಒಬ್ಬ ಹುಡುಗಿಯ ಹತ್ತಿರ ಕಳಿಸಿದರು. ಫಿಸಿಯೋಥೆರಪಿ ಓದಿ, ಆಮೇಲೆ ವಿದೇಶದಲ್ಲಿ ಕೈರೋಪ್ರಾಕ್ಟಿಕ್ ಪದವಿ ಮಾಡಿದವಳು. ಓದಿನ ವಿಷಯ ಕೇಳಲೇಬೇಕು. ವಿಶ್ವ ಆರೋಗ್ಯ ಸಂಸ್ಥೆ 2005ರಲ್ಲೇ ಈ ಕೆಲಸಕ್ಕೆ ಕಡಿಮೆಯೆಂದರೆ 4200 ಗಂಟೆಗಳ ತರಬೇತಿ ಬೇಕು ಎಂದು ಬರೆದಿದೆ. ಎರಡು ಭಾನುವಾರ ಕಲಿತು ಬಂದು ಬೆನ್ನು ಮುಟ್ಟುವ ಕೆಲಸವಲ್ಲ ಇದು.

ಮೊದಲ ದಿನ ಅವಳು ನನ್ನ ಬೆನ್ನು ಮುಟ್ಟಲೇ ಇಲ್ಲ. ಬರೀ ಪ್ರಶ್ನೆ. ಮೂತ್ರ ಹಿಡಿತದಲ್ಲಿದೆಯಾ? ತೊಡೆಗಳ ನಡುವೆ ಮರಗಟ್ಟಿದ ಹಾಗಿದೆಯಾ? ಕಾಲು ಸೋಲುತ್ತಾ? ರಾತ್ರಿ ನೋವಿಗೆ ಎಚ್ಚರವಾಗುತ್ತಾ? ಜ್ವರ, ತೂಕ ಇಳಿದದ್ದು, ಹಿಂದೆ ಕ್ಯಾನ್ಸರ್ ಏನಾದರೂ? ಇದರಲ್ಲಿ ಒಂದಕ್ಕೆ ಹೌದು ಅಂದಿದ್ದರೂ ಡಾಕ್ಟರ ಹತ್ತಿರ ವಾಪಸ್ ಕಳಿಸುತ್ತಿದ್ದಳಂತೆ. ಅಲ್ಲಿಗೇ ನನಗೆ ಅವಳ ಮೇಲೆ ನಂಬಿಕೆ ಬಂತು.

ಅವಳ ಕೈಯಲ್ಲಿ ಈವರೆಗೆ ಒಂದು ಸಲವೂ ಲಟಕ್ ಎಂದಿಲ್ಲ. ನಡುವಿನಲ್ಲಿ ಮಡಚುವ ಮೇಜಿನ ಮೇಲೆ ಬೋರಲು ಮಲಗಿಸುತ್ತಾಳೆ. ಒಂದು ಕೈಯನ್ನು ಸೊಂಟದ ಮಣಿಯ ಮೇಲೆ ಇಟ್ಟು, ಇನ್ನೊಂದು ಕೈಯಿಂದ ಕಾಲಿನ ಕಡೆಯ ಅರ್ಧ ಮೇಜನ್ನು ನಿಧಾನವಾಗಿ ಕೆಳಗೆ ಒತ್ತುತ್ತಾಳೆ. ತೊಟ್ಟಿಲು ತೂಗಿದ ಹಾಗೆ, ಕೆಳಗೆ, ಮೇಲೆ. ಹಿಡಿದುಕೊಂಡ ಜಾಗ ಒಂದೊಂದೇ ಎಳೆ ಬಿಡುವುದು ನನಗೇ ತಿಳಿಯುತ್ತದೆ. ಆಮೇಲೆ ಒಂದು ಪುಟ್ಟ ಉಪಕರಣ, ತುದಿಗೆ ರಬ್ಬರ್, ಒಳಗೆ ಸ್ಪ್ರಿಂಗ್. ಚರ್ಮಕ್ಕೆ ಮುಟ್ಟಿಸಿ ಒತ್ತಿದರೆ ಸ್ಟೇಪ್ಲರ್ ಒತ್ತಿದ ಹಾಗೆ ಕಟ್ ಎನ್ನುತ್ತದೆ. ಬೆರಳ ತುದಿಯಿಂದ ಮೆಲ್ಲಗೆ ತಟ್ಟಿದಷ್ಟೇ ಪೆಟ್ಟು. ಪ್ರತಿ ಸಲವೂ "ಆಂಟಿ, ಸಾವಕಾಶ್, ನೋವಾದರೆ ಕೈ ಎತ್ತಿ" ಅನ್ನುತ್ತಾಳೆ. ಆ ಸದ್ದಿನ ವಿಷಯವನ್ನೂ ಅವಳೇ ಹೇಳಿದಳು. ನೆಟಿಗೆ ಮುರಿದಾಗ ಬರುವುದು ಕೀಲಿನ ದ್ರವದಲ್ಲಿರುವ ಗಾಳಿಯ ಸದ್ದು, ಮೂಳೆ ಜಾಗಕ್ಕೆ ಕೂತ ಸದ್ದಲ್ಲ. ಸದ್ದು ಬಂದರೇ ಗುಣ ಎಂದೇನಿಲ್ಲ.

ಊರಲ್ಲಿ ನಾವು ಉಳುಕು ತೆಗೆಯುವವರ ಮನೆಗೆ ಹೋಗುತ್ತಿದ್ದೆವು. ಸೊಂಟ ಹಿಡಿದರೆ, ಕಾಲು ಮುಂದಾಗಿ ಹುಟ್ಟಿದವರಿಂದ ಒದೆಸಿಕೊಂಡರೆ ಹೋಗುತ್ತದೆ ಎಂದು ನಮ್ಮಮ್ಮ ನಂಬಿದ್ದಳು. ಅಮೆರಿಕದಲ್ಲೂ ಇಂಥದೇ ನಂಬಿಕೆಯಿಂದ ಈ ಕೈರೋಪ್ರಾಕ್ಟಿಕ್ ಶುರುವಾಗಿದ್ದು. 1895ರಲ್ಲಿ ಅಯೋವಾ ರಾಜ್ಯದ ಡಾವೆನ್‌ಪೋರ್ಟ್‌ನಲ್ಲಿ ಡಿ.ಡಿ. ಪಾಮರ್ ಎಂಬವರು ಹುಟ್ಟುಹಾಕಿದರು. ಹೆಚ್ಚಿನ ಕಾಯಿಲೆಗಳಿಗೆಲ್ಲ ಬೆನ್ನುಮೂಳೆಯೇ ಕಾರಣ ಅಂದಿದ್ದರು ಅವರು. ಅದನ್ನು ಈಗಿನ ವೈದ್ಯಶಾಸ್ತ್ರ ಒಪ್ಪುವುದಿಲ್ಲ, ನಾನೂ ಒಪ್ಪುವುದಿಲ್ಲ. ಆದರೆ ಸೊಂಟನೋವಿನ ಮಾತು ಬೇರೆ. 2023ರ ಡಿಸೆಂಬರ್‌ನಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಹೊರಡಿಸಿದ ಮಾರ್ಗಸೂಚಿಯಲ್ಲಿ ವ್ಯಾಯಾಮ, ಮಾಲೀಶುಗಳ ಜೊತೆ ಕೈಯಿಂದ ಮಾಡುವ ಈ ಚಿಕಿತ್ಸೆಗೂ ಜಾಗ ಇದೆ. ಸೊಂಟದ ಬೆಲ್ಟನ್ನು ರೂಢಿಯಾಗಿ ಕೊಡಬೇಡಿ ಅಂದಿದ್ದಾರೆ. ನಾನು ಡಾಕ್ಟರನ್ನು ಕೇಳಿಕೊಂಡು ಬೆಲ್ಟ್ ಬಿಟ್ಟೆ.

ಆದರೆ ನಾನು ಇವತ್ತು ಸಾಲಿನಲ್ಲಿ ನಿಂತದ್ದು ಮೇಜಿನ ಪುಣ್ಯದಿಂದ ಮಾತ್ರವಲ್ಲ. ಅವಳೇ ಮೊದಲ ವಾರದಲ್ಲಿ ಬಿಡಿಸಿ ಹೇಳಿದಳು: "ನನ್ನ ಕೈಯಿಂದ ನೋವು ಸ್ವಲ್ಪ ಇಳಿಯುತ್ತೆ ಆಂಟಿ. ಬ್ಯಾಲೆನ್ಸ್ ಮಾತ್ರ ನಿಮ್ಮ ಕಾಲಿನಿಂದಲೇ ಬರಬೇಕು." ನಾವು ಬೀಳದೆ ನಿಲ್ಲುವುದು ಮೂರರಿಂದಂತೆ. ಕಣ್ಣು, ಕಿವಿಯ ಒಳಭಾಗ, ಮತ್ತೆ ಪಾದ, ಕೀಲು, ಸ್ನಾಯುಗಳಿಂದ ಮಿದುಳಿಗೆ ಹೋಗುವ ಸುದ್ದಿ. ವಯಸ್ಸಾದಂತೆ ಮೂರೂ ಮಂಕಾಗುತ್ತವೆ. ನೋವಿಗೆ ಹೆದರಿ ಕುಳಿತರೆ ಕಾಲಿನ ಬಲವೂ ಹೋಗುತ್ತದೆ. ನೋವು ಇಳಿದ ಹೊತ್ತಿನಲ್ಲಿ ವ್ಯಾಯಾಮ ಮಾಡಿಸುವುದೇ ಅವಳ ಲೆಕ್ಕ.

ಕುರ್ಚಿಯಿಂದ ಕೈ ಊರದೆ ಎದ್ದು ಕೂರುವುದು, 30 ಸೆಕೆಂಡಿನಲ್ಲಿ ಎಷ್ಟು ಸಲ? 70ರಿಂದ 74ರ ಹೆಂಗಸರಿಗೆ 10ಕ್ಕಿಂತ ಕಡಿಮೆ ಬಂದರೆ ಬೀಳುವ ಅಪಾಯ ಇದೆ ಎಂದರ್ಥ. ಏಪ್ರಿಲ್‌ನಲ್ಲಿ ನನಗೆ 6 ಆಯಿತು. ಹೋದ ವಾರ 10. ಕುರ್ಚಿಯಿಂದ ಎದ್ದು 3 ಮೀಟರ್ ನಡೆದು ತಿರುಗಿ ಬಂದು ಕೂರಲು 12 ಸೆಕೆಂಡ್ ಅಥವಾ ಜಾಸ್ತಿ ಹಿಡಿದರೂ ಎಚ್ಚರವಾಗಬೇಕು. ನನಗೆ ಆಗ 17 ಹಿಡಿದಿತ್ತು, ಈಗ 13. ಇನ್ನೂ ಕೆಲಸ ಬಾಕಿ ಇದೆ.

ಬೆಳಿಗ್ಗೆ ಹಾಲು ಕಾಯುವಷ್ಟು ಹೊತ್ತು ನನ್ನ ವ್ಯಾಯಾಮ. ಅಡುಗೆ ಕಟ್ಟೆಯ ಕಲ್ಲಿಗೆ ಎರಡು ಬೆರಳು ತಾಗಿಸಿಕೊಂಡು, ಒಂದು ಪಾದದ ಹಿಮ್ಮಡಿಯನ್ನು ಇನ್ನೊಂದರ ಹೆಬ್ಬೆರಳಿಗೆ ಮುಟ್ಟಿಸಿ ನಿಲ್ಲುವುದು. ಮೊದಲು ಎರಡು ಸೆಕೆಂಡಿಗೇ ವಾಲುತ್ತಿದ್ದೆ. ಪಾದದ ಒಳಗಿನ ಸಣ್ಣ ಸಣ್ಣ ಸ್ನಾಯು ನಡುಗುವುದು ಬರಿಗಾಲಿಗೆ ಗೊತ್ತಾಗುತ್ತದೆ. ಈಗ ಬೆರಳು ಎತ್ತಿ 10 ಎಣಿಸುತ್ತೇನೆ. ಆಮೇಲೆ ಹಿಮ್ಮಡಿ ಎತ್ತಿ ಇಳಿಸುವುದು. ಆ ಹೊತ್ತಿಗೆ ಹಾಲು ಉಕ್ಕಲು ಬರುತ್ತದೆ.

ಇನ್ನೊಂದು ಮಾತು, ಉಪವಾಸದ್ದು. ಬಿಪಿ ಮಾತ್ರೆ ನುಂಗುವವರು ಖಾಲಿ ಹೊಟ್ಟೆಯಲ್ಲಿ, ನೀರೂ ಕುಡಿಯದೆ, ತಟ್ಟನೆ ಎದ್ದರೆ ಕಣ್ಣು ಕತ್ತಲೆ ಬರುತ್ತದೆ. ಡಾಕ್ಟರು ನನಗೆ ಮಲಗಿಸಿ ಒಮ್ಮೆ, ನಿಲ್ಲಿಸಿ ಒಮ್ಮೆ ಬಿಪಿ ನೋಡಿದ್ದರು. ನಿಂತಾಗ ಇಳಿಯುತ್ತದೆ. ಅದಕ್ಕೇ ಈ ಸಲ ನಿರ್ಜಲ ಮಾಡಲಿಲ್ಲ, ಹಾಲು ಹಣ್ಣು ತೆಗೆದುಕೊಂಡೆ. ಮನಸ್ಸಿಗೆ ಸ್ವಲ್ಪ ಕಸಿವಿಸಿ ಆಯಿತು, ನಿಜ. ಆದರೆ ಬಿದ್ದು ತೊಡೆಯ ಮೂಳೆ ಮುರಿದುಕೊಂಡರೆ ಮುಂದಿನ ಏಕಾದಶಿಗೆ ಮಠದ ಮೆಟ್ಟಿಲನ್ನೇ ಹತ್ತಲಾರೆ. ತಿಂಗಳಿಗೊಂದು ಪದಾರ್ಥ ಬಿಡುವ ಚಾತುರ್ಮಾಸ್ಯದ ವ್ರತದಲ್ಲಿ ಮೊಸರು ಬಿಟ್ಟ ತಿಂಗಳು ಹಾಲಿರುತ್ತದೆ, ಹಾಲು ಬಿಟ್ಟ ತಿಂಗಳು ಮೊಸರಿರುತ್ತದೆ. ಹಾಗಾಗಿ ಮೂಳೆಗೆ ಬೇಕಾದ ಸುಣ್ಣದ ಅಂಶಕ್ಕೆ ವ್ರತದಿಂದ ತೊಂದರೆಯಿಲ್ಲ, ನೋಡಿಕೊಂಡಿದ್ದೇನೆ.

ಸಂಜೆ ಊರಿಂದ ತಂಗಿ ಫೋನ್ ಮಾಡಿದ್ದಳು. "ಅಕ್ಕಾ, ನಾನೂ ಬರ್ತೀನಿ, ನನಗೂ ಆ ಕಟ್ ಕಟ್ ಮಾಡಿಸು" ಅಂದಳು. ಮೊದಲು ಅಲ್ಲೇ ಮೂಳೆಯ ಸ್ಕ್ಯಾನ್ ಮಾಡಿಸಿ ಕಾಗದ ತೆಗೆದುಕೊಂಡು ಬಾ ಅಂದೆ.

ನಾಳೆ ಬೆಳಿಗ್ಗೆ ಬೇಗ ಪಾರಣೆ, 11ಕ್ಕೆ ಮುಲುಂಡ್. ಮಳೆ ಬಿಟ್ಟಿಲ್ಲ, ಮೆಟ್ಟಿಲು ಒದ್ದೆ ಇರುತ್ತದೆ. ಹಿಂದೆ ಪಟ್ಟಿ ಇರುವ ಸ್ಯಾಂಡಲ್ ಬಾಗಿಲ ಹತ್ತಿರ ತೆಗೆದಿಟ್ಟಿದ್ದೇನೆ.