ಬಾದಾಮಿಯಲ್ಲಿ ಬಂಡೆ ಹತ್ತೋಕೆ ಹೊರಟಿದ್ದೀರಾ? ಮೊದಲು ಹಗ್ಗ ನೋಡಿ

ಬಾದಾಮಿಗೆ ರಾಕ್ ಕ್ಲೈಂಬಿಂಗ್ ಅಂತ ಹೊರಟವರಿಗೆ ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಫೋನಿನಲ್ಲಿ ಪ್ಯಾಕೇಜ್ ಬುಕ್ ಮಾಡಿ ಅಡ್ವಾನ್ಸ್ ಹಾಕಬೇಡಿ. ಅಲ್ಲಿಗೇ ಹೋಗಿ, ಹಗ್ಗ ಕೈಯಲ್ಲಿ ಹಿಡಿದು ನೋಡಿ. ದುಡ್ಡಿನ ಮಾತು ಆಮೇಲೆ.

ನಾವು ವಿಜಯಪುರದವರು. ಕಾಲೇಜಿನಲ್ಲಿ ಒಂದೇ ಹಾಸ್ಟೆಲಿನಲ್ಲಿದ್ದ ಗೆಳತಿಯರು ಈಗ ಒಬ್ಬಳು ಪುಣೆ, ಒಬ್ಬಳು ಹುಬ್ಬಳ್ಳಿ, ಒಬ್ಬಳು ಬೆಳಗಾವಿ. ಯಾರದಾದರೂ ಮದುವೆಯಲ್ಲಿ ಸಿಕ್ಕರೆ ಸಿಕ್ಕಂತೆ. ಸೀರೆ ಉಟ್ಟು ಸಿಕ್ಕಿದ್ದು ಸಾಕು, ಈ ಸಲ ಬೂಟು ಹಾಕಿಕೊಂಡು ಸಿಗೋಣ ಅಂದವಳು ಪುಣೆಯವಳು. ಮನಾಲಿಗೆ ಹೋಗಿ ಸ್ಕೀ ಮಾಡೋಣ ಅಂತ ಮೊದಲು ಮಾತು ಬಂದಿತ್ತು. ಆದರೆ ಸೋಲಂಗ್ ಕಣಿವೆಯಲ್ಲಿ ಚೆನ್ನಾಗಿ ಹಿಮ ಇರುವ ಜನವರಿ, ಫೆಬ್ರವರಿಯಲ್ಲಿ ಮಕ್ಕಳಿಗೆ ರಜೆ ಇಲ್ಲ, ರಜೆ ಸಿಗುವ ಹೊತ್ತಿಗೆ ಅಲ್ಲಿ ಹಿಮ ಕರಗಿರುತ್ತದೆ. ಅದೂ ಅಲ್ಲದೆ ನಮ್ಮ ಕಡೆಯಿಂದ ಶನಿವಾರ ಹೋಗಿ ಭಾನುವಾರ ಬರೋ ಜಾಗವಾ ಅದು? ಬಾದಾಮಿ ಆದರೆ ಎಲ್ಲರಿಗೂ ಹತ್ತಿರ. ಹೀಗಾಗಿ ಗಂಡಂದಿರು, ಮಕ್ಕಳು, ನನ್ನ ತಮ್ಮ, ನಮ್ಮ ಅತ್ತೆ ಎಲ್ಲರೂ ಸೇರಿ ಹೊರಟೆವು.

ನಮ್ಮ ಭಾಗದವರೆಲ್ಲ ಶಾಲೆಯಲ್ಲಿದ್ದಾಗ ಬಾದಾಮಿ ನೋಡಿದವರೇ. ನಾಲ್ಕು ಗುಹೆ ಹತ್ತಿ ಇಳಿದು, ಕೆರೆ ದಂಡೆಯಲ್ಲಿ ಬುತ್ತಿ ಬಿಚ್ಚಿ, ಮಂಗ್ಯಾಗಳಿಗೆ ಅರ್ಧ ಕೊಟ್ಟು ಬಂದವರು. ಅದೇ ಕೆಂಪು ಬಂಡೆ ಹತ್ತೋಕೆ ದೇಶದ ಎಲ್ಲ ಕಡೆಯಿಂದ, ಹೊರದೇಶದಿಂದಲೂ ಜನ ಹಗ್ಗ ಹೊತ್ತು ಬರುತ್ತಾರೆ ಅಂತ ನಮಗ್ಯಾರಿಗೂ ಗೊತ್ತಿರಲಿಲ್ಲ. ಅಲ್ಲಿನ ಮರಳುಗಲ್ಲು ರೊಟ್ಟಿ ಒಟ್ಟಿದ ಹಾಗೆ ಪದರ ಪದರವಾಗಿದೆ. ಆ ಪದರದ ಅಂಚುಗಳೇ ಕೈಗೂ ಕಾಲಿಗೂ ಹಿಡಿತ. ಎಷ್ಟೋ ಬಂಡೆಗಳಲ್ಲಿ ಹಗ್ಗ ಸಿಕ್ಕಿಸೋಕೆ ಬೋಲ್ಟುಗಳನ್ನು ಮೊದಲೇ ಕೂರಿಸಿದ್ದಾರೆ. ನವೆಂಬರಿನಿಂದ ಫೆಬ್ರವರಿವರೆಗೆ ಇದರ ಸೀಸನ್.

ಈಗ ಹಗ್ಗದ ಕಥೆ. ಒಬ್ಬರಿಗೆ 1200 ರೂಪಾಯಿ ಅಂತ ಫೋನಿನಲ್ಲಿ ಮಾತಾಗಿ, ಅರ್ಧ ದುಡ್ಡು ಮುಂಚೆಯೇ ಕಳಿಸಿದ್ದೆವು. ಬೆಳಿಗ್ಗೆ ಹೋಗಿ ನೋಡಿದರೆ ಹೆಲ್ಮೆಟ್ ಎರಡೇ ಇವೆ. ಒಬ್ಬರಾದ ಮೇಲೆ ಒಬ್ಬರು ಹಾಕಿಕೊಳ್ಳಿ ಅಂದರು ಪ್ಯಾಕೇಜಿನವರು. ಕೆಳಗೆ ನಿಂತು ಹಗ್ಗ ಹಿಡಿಯುವವನಿಗೆ, ಬಂಡೆ ಬುಡದಲ್ಲಿ ಕಾಯುತ್ತಾ ಕೂತ ಮಕ್ಕಳಿಗೆ ಏನೂ ಇಲ್ಲ. ಮೇಲಿನಿಂದ ಕಲ್ಲು ಉದುರಿದರೆ ಮೊದಲು ಪೆಟ್ಟು ಬೀಳುವುದೇ ಕೆಳಗಿದ್ದವರಿಗೆ ಅಲ್ವಾ?

ನನ್ನ ತಮ್ಮ ಪುಣೆಯಲ್ಲಿದ್ದಾಗ ಸಹ್ಯಾದ್ರಿಯ ಕೋಟೆಗಳನ್ನು ಹಗ್ಗ ಕಟ್ಟಿ ಹತ್ತಿದವನು. ಅವನು ಏನೂ ಮಾತಾಡದೆ ಹಗ್ಗದ ಸುರುಳಿ ಬಿಚ್ಚಿ ಮೊಳ ಮೊಳ ಬೆರಳಿನಲ್ಲಿ ಜಾರಿಸುತ್ತಾ ಹೋದ. ಒಂದು ಕಡೆ ಬೆರಳು ನಿಂತಿತು. ಮೇಲಿನ ಹೊದಿಕೆಯ ನೂಲು ಎದ್ದು ಉಬ್ಬಿತ್ತು. ಮಡಚಿದರೆ ಒಳಗಿನ ಬಿಳಿ ಎಳೆ ಕಾಣುತ್ತಿತ್ತು. ಅದನ್ನು ಅವರಿಗೆ ತೋರಿಸಿದ.

"ಏನೂ ಆಗಂಗಿಲ್ರಿ ಸರ್, ದಿನಾ ಐವತ್ತ ಮಂದಿ ಹತ್ತತಾರ" ಅಂದರು.

"ಅದಕ್ಕ ಹಿಂಗಾಗೇತಿ" ಅಂದ ನನ್ನ ತಮ್ಮ. ಹಗ್ಗ ಅಲ್ಲೇ ಇಟ್ಟು ಎಲ್ಲರನ್ನೂ ಎಬ್ಬಿಸಿದ.

ಅಡ್ವಾನ್ಸ್ ವಾಪಸ್ ಬರಲಿಲ್ಲ. ಬರೀ ದುಡ್ಡು ಹೋಗಿದ್ದಕ್ಕೆ ನನಗೆ ಸಿಟ್ಟಲ್ಲ. ಮಕ್ಕಳನ್ನು ಕರೆದುಕೊಂಡು ಬಂದವರಿಗೆ ಇಂಥ ಹಗ್ಗ ಕೊಡುತ್ತಾರಲ್ಲ, ಆ ಸಿಟ್ಟು ಇನ್ನೂ ಇಳಿದಿಲ್ಲ. ನಮ್ಮ ಜೊತೆ ಗೊತ್ತಿರೋನು ಇದ್ದ, ನಿಮ್ಮ ಗುಂಪಿನಲ್ಲಿ ಅಂಥವರು ಇರಲಿಕ್ಕಿಲ್ಲ. ಅದಕ್ಕೇ ಇಷ್ಟು ಬಿಡಿಸಿ ಬರೆಯುತ್ತಿದ್ದೇನೆ. ಹಗ್ಗ ಎಲ್ಲೂ ಮೆತ್ತಗಾಗಿ ಚಪ್ಪಟೆಯಾಗಿರಬಾರದು, ನೂಲು ಎದ್ದಿರಬಾರದು. ಸೊಂಟಕ್ಕೂ ತೊಡೆಗೂ ಕಟ್ಟುವ ಹಾರ್ನೆಸ್ಸಿನ ಹೊಲಿಗೆ ಬಿಟ್ಟಿರಬಾರದು. ಎಷ್ಟು ಮಂದಿ ಇದ್ದೀರೋ ಅಷ್ಟು ಹೆಲ್ಮೆಟ್ ಬೇಕು. ಇದನ್ನೆಲ್ಲ ಕೇಳಿದರೆ ಮುಖ ಸಿಂಡರಿಸುವವರ ಹತ್ತಿರ ಒಂದು ನಿಮಿಷವೂ ನಿಲ್ಲಬೇಡಿ.

ಸಪ್ಪೆ ಮುಖ ಹಾಕಿಕೊಂಡು ಚಹಾ ಅಂಗಡಿಗೆ ಬಂದೆವು. ಅಲ್ಲಿ ಬೆಂಗಳೂರಿನ ಒಂದಿಷ್ಟು ಹುಡುಗ ಹುಡುಗಿಯರು ಕೂತಿದ್ದರು, ಕೈ ತುಂಬಾ ಬಿಳಿ ಚಾಕ್ ಪುಡಿ. ವಿಷಯ ಹೇಳಿದಾಗ ಅವರೇ ಒಬ್ಬ ಊರಿನ ಹುಡುಗನಿಗೆ ಫೋನ್ ಮಾಡಿ ಕರೆಸಿದರು. ಸಣ್ಣವನಿದ್ದಾಗಿನಿಂದ ಅದೇ ಬಂಡೆಗಳನ್ನು ಹತ್ತುತ್ತಾ ಬೆಳೆದವನಂತೆ. ಎಲ್ಲರಿಗೂ ಸೇರಿ ಅರ್ಧ ದಿನಕ್ಕೆ ಅವನು ಹೇಳಿದ್ದು ಆ ಪ್ಯಾಕೇಜಿನ ಅರ್ಧಕ್ಕಿಂತ ಕಡಿಮೆ. ಹಗ್ಗ, ಹೆಲ್ಮೆಟ್ ಎಲ್ಲಾ ಅವನದೇ.

ಅವನು ಮಾಡಿದ ಮೊದಲ ಕೆಲಸ ನೋಡಿ. ನೆಲದ ಮೇಲೆ ಎಲ್ಲರನ್ನೂ ಕೂರಿಸಿ ಗಂಟು ಕಲಿಸಿದ. ಇಂಗ್ಲಿಷಿನ ಎಂಟರ ಆಕಾರದ ಗಂಟು. ಅದನ್ನು ಹಾರ್ನೆಸ್ಸಿನಲ್ಲಿ ತೂರಿಸಿ, ಬಂದ ದಾರಿಯಲ್ಲೇ ಹಗ್ಗವನ್ನು ವಾಪಸ್ ಹಾಯಿಸಬೇಕು. ನಿಮ್ಮ ಗಂಟನ್ನು ನಿಮ್ಮ ಜೋಡಿ ನೋಡಬೇಕು, ಅವರು ಕೆಳಗೆ ನಿಂತು ಹಗ್ಗ ತಡೆದು ಹಿಡಿಯುವ ಬಿಲೇ ಉಪಕರಣವನ್ನು ನೀವು ನೋಡಬೇಕು. ಇಬ್ಬರೂ ಹೂಂ ಅಂದಮೇಲೇ ಕಾಲು ನೆಲ ಬಿಡಬೇಕು. ನನ್ನ ಮಗಳು ಇದನ್ನು ಎಷ್ಟು ಮನಸ್ಸಿಗೆ ಹಚ್ಚಿಕೊಂಡಳು ಅಂದರೆ, ಹತ್ತುವ ಪ್ರತಿಯೊಬ್ಬರ ಮುಂದೆ ಹೋಗಿ ನಿಂತು ಗಂಟು ಮುಟ್ಟಿ ನೋಡಿಯೇ ಬಿಡುತ್ತಿದ್ದಳು, ಅವರಪ್ಪನನ್ನೂ ಬಿಡಲಿಲ್ಲ.

ಹುಬ್ಬಳ್ಳಿಯವಳು ಅರ್ಧದಲ್ಲಿ ನಿಂತುಬಿಟ್ಟಳು. ಕೈ ನಡುಗುತ್ತಿದ್ದವು, ಮೇಲೂ ಹೋಗಲ್ಲ, ಕೆಳಗೂ ಬರಲ್ಲ. ಕೆಳಗಿನಿಂದ ಆ ಹುಡುಗ ದನಿ ಏರಿಸದೆ, "ಅಕ್ಕಾರ, ಕೈಲೆ ಜಗ್ಗಬ್ಯಾಡ್ರಿ. ಕಾಲ ಮ್ಯಾಲ ನಿಲ್ರಿ. ಬಲಗಾಲ ಬಾಜೂಕ ಒಂದ ಅಂಚ ಐತಿ ನೋಡ್ರಿ" ಅಂದ. ಅವಳು ಬಗ್ಗಿ ನೋಡಿದಳು, ಕಾಲಿಟ್ಟಳು, ನಿಂತಳು. ಮುಂದೆ ಒಂದೊಂದೇ ಹೆಜ್ಜೆಯಲ್ಲಿ ತುದಿ ಮುಟ್ಟಿದಳು. ಕೆಳಗೆ ನಮ್ಮ ಅತ್ತೆ ನೆರಳಿನಲ್ಲಿ ಕೂತವರು ಎದ್ದು ನಿಂತು ಚಪ್ಪಾಳೆ ಹೊಡೆದರು. ಹೊಸಬರೆಲ್ಲ ತೋಳಿನ ಬಲದಿಂದ ಏರೋಕೆ ನೋಡುತ್ತಾರೆ, ಅದಕ್ಕೇ ಬೇಗ ಸೋಲುತ್ತಾರೆ. ಕಾಲನ್ನು ನಂಬಿ.

ಬೆಳಿಗ್ಗೆ ಬಿಸಿಲು ಬಂಡೆಗೆ ಬೀಳುವ ಮೊದಲೇ ಶುರು ಮಾಡಿ. ಚಳಿಗಾಲದಲ್ಲೂ ಹನ್ನೊಂದರ ಮೇಲೆ ಕಲ್ಲು ಕಾಯುತ್ತದೆ. ಮಳೆ ಬಂದಿದ್ದರೆ ಹತ್ತಲೇಬೇಡಿ, ಮರಳುಗಲ್ಲು ನೆನೆದರೆ ಸತ್ವ ಕಳೆದುಕೊಂಡು ಹಿಡಿದ ಅಂಚೇ ಮುರಿದು ಬರುತ್ತದೆ. ಮೇಲೆ ಒಣಗಿದ ಹಾಗೆ ಕಂಡರೂ ಒಳಗೆ ಹಸಿ ಇರುತ್ತದೆ. ಹೆಜ್ಜೇನು ಕಟ್ಟಿದ ಬಂಡೆಯ ಹತ್ತಿರ ಕೂಗಾಟ, ಹೊಗೆ ಬೇಡ. ಗುಹೆ, ಗುಡಿ ಇರುವ ಬಂಡೆಗಳು ಪುರಾತತ್ವ ಇಲಾಖೆಯವು, ಅಲ್ಲಿ ಸುಮ್ನೆ ಫೋಟೋಗೆ ಅಂತಲೂ ಹತ್ತಬಾರದು.

ರೂಮಿನ ವಿಷಯಕ್ಕೆ ಬರುತ್ತೇನೆ. ಕೋಟೆ ಕಾಣುವ ರೂಮು ಅಂತ ಒಂದೊಂದಕ್ಕೆ 800 ರೂಪಾಯಿ ಜಾಸ್ತಿ ತಗೊಂಡರು. ಪರದೆ ಸರಿಸಿದರೆ ಎದುರಿಗೆ ಪಕ್ಕದ ಕಟ್ಟಡದ ಗೋಡೆ, ಕೆಳಗೆ ಜನರೇಟರ್. ಕೋಟೆ ಎಲ್ಲಿ ಅಂತ ಕೇಳಿದರೆ ಮಾಳಿಗೆ ಮೇಲೆ ಹೋಗಿ ನೋಡಿ ಅಂದರು. ದಿನವಿಡೀ ಬಿಸಿನೀರು ಅಂತ ಬರೆದಿತ್ತು, ಬಂದದ್ದು ಬೆಳಿಗ್ಗೆ ಒಂದು ತಾಸು, ಅದೂ ಬಕೆಟ್‌ನಲ್ಲಿ. ಮಕ್ಕಳಿಗೆ ಅಂತ ಕೊಟ್ಟ ತೆಳು ಗಾದಿಗೆ ಬೇರೆ ದುಡ್ಡು. ಎದುರಿನ ಕಲ್ಯಾಣ ಮಂಟಪದಲ್ಲಿ ರಾತ್ರಿಯೆಲ್ಲ ಸ್ಪೀಕರ್. ಗದ್ದಲ ನನಗೆ ಸ್ವಲ್ಪವೂ ಆಗಿಬರುವುದಿಲ್ಲ, ಬೇರೆಯವರು ಗೊರಕೆ ಹೊಡೆದರು, ನಾನು ಕಣ್ಣು ಮುಚ್ಚಲಿಲ್ಲ. ಆದ್ದರಿಂದ ದುಡ್ಡು ಕೊಡುವ ಮೊದಲು ಕಿಟಕಿ ತೆಗೆದು ನೋಡಿ, ಬಿಸಿನೀರು ಎಷ್ಟರಿಂದ ಎಷ್ಟು ಗಂಟೆ ಅಂತ ಕೇಳಿ, ಅಕ್ಕಪಕ್ಕ ಮದುವೆ ಇದೆಯಾ ವಿಚಾರಿಸಿ. ರಾಮದುರ್ಗ ರಸ್ತೆಯಲ್ಲಿ ಪ್ರವಾಸೋದ್ಯಮ ನಿಗಮದ ಮಯೂರ ಚಾಲುಕ್ಯ ಇದೆ. ಬಸ್ ಸ್ಟ್ಯಾಂಡಿನ ಗದ್ದಲದಿಂದ ಬದಿಗಿದೆ. ನಮಗೆ ಸಿಗಲಿಲ್ಲ, ವಾರಾಂತ್ಯಕ್ಕಾದರೆ ಬಹಳ ಮೊದಲೇ ಹೇಳಿಡಿ. ಪುಷ್ಯ ಮಾಸದ ಬನದ ಹುಣ್ಣಿಮೆಗೆ ಬನಶಂಕರಿ ಜಾತ್ರೆ ಶುರುವಾದರೆ ರೂಮಿನ ಆಸೆಯನ್ನೇ ಬಿಡಿ. ಜಾತ್ರೆಗೆ ಹೋಗುವುದಾದರೆ ನಾಟಕ ಕಂಪನಿಗಳ ಆಟ ನೋಡೋಕೆ ಅಂತಲೇ ಹೋಗಿ, ಅದು ಬೇರೆಯೇ ಸಂತೋಷ. ಬಂಡೆ ಹತ್ತೋದನ್ನು ಅದರ ಜೊತೆ ಸೇರಿಸಬೇಡಿ.

ಬನಶಂಕರಿ ಅಂದೆನಲ್ಲ, ಊಟದ ಮಾತು ಅಲ್ಲಿಂದಲೇ. ಊರಿನಿಂದ ಸುಮಾರು 5 ಕಿ.ಮೀ., ಚೊಳಚಗುಡ್ಡದ ಹತ್ತಿರ. ಗುಡಿಯ ಮುಂದಿನ ಹೊಂಡದ ಆಸುಪಾಸಿನಲ್ಲಿ ಸುತ್ತಲಿನ ಹಳ್ಳಿಯ ಹೆಣ್ಣುಮಕ್ಕಳು ಬುಟ್ಟಿ ಇಟ್ಟುಕೊಂಡು ಕೂತಿರುತ್ತಾರೆ. ಬೋರ್ಡ್ ಇಲ್ಲ, ಮೆನು ಇಲ್ಲ. ನಾವು ಕೂತದ್ದು ಒಬ್ಬ ವಯಸ್ಸಾದ ಅಮ್ಮನ ಮುಂದೆ. ಬಿಳಿ ಬಟ್ಟೆ ಬಿಚ್ಚಿದರೆ ಒಳಗೆ ಜೋಳದ ರೊಟ್ಟಿ, ಕೆಲವು ಮೆತ್ತಗಿನವು, ಕೆಲವು ಕಟಕ್ ಅನ್ನುವ ಖಡಕ್ ರೊಟ್ಟಿ. ಕೈಯಲ್ಲೇ ತಟ್ಟೆ ಕೊಟ್ಟು ಒಂದೊಂದು ಡಬ್ಬಿ ತೆಗೆಯುತ್ತಾ ಬಡಿಸಿದರು. ಎಣ್ಣೆ ಬಿಟ್ಟ ಬದನೆಕಾಯಿ ಪಲ್ಲೆ, ಮಡಕಿಕಾಳು ಪಲ್ಲೆ, ಚೌಕಾಕಾರ ಕತ್ತರಿಸಿದ ಝುಣಕದ ವಡೆ, ಶೇಂಗಾ ಚಟ್ನಿ, ಅಗಸಿ ಚಟ್ನಿ, ಕಣ್ಣಲ್ಲಿ ನೀರು ತರಿಸುವ ಕೆಂಪು ಖಾರ, ಹಸಿ ಉಳ್ಳಾಗಡ್ಡಿ. ಕೊನೆಗೆ ಮಣ್ಣಿನ ಪುಟ್ಟ ಕುಡಿಕೆಯಲ್ಲಿ ಮೊಸರು. ಕುಡಿಕೆ ಬೋರಲು ಹಾಕಿದರೂ ಬೀಳದಷ್ಟು ಗಟ್ಟಿ, ಮೇಲೆ ದಪ್ಪ ಕೆನೆ. ಖಾರದ ಮೇಲೆ ಆ ಮೊಸರು ಒಂದು ಬೆರಳು ಹಚ್ಚಿ ರೊಟ್ಟಿ ಮುರಿದು ಬಾಯಿಗಿಟ್ಟರೆ, ಬೆಳಗಿನಿಂದ ಬಂಡೆಗೆ ತರಚಿ ಉರಿಯುತ್ತಿದ್ದ ಬೆರಳುಗಳ ನೆನಪೂ ಇರಲಿಲ್ಲ ನನಗೆ.

"ಇನ್ನೊಂದ ರೊಟ್ಟಿ ತಗೋ ಯವ್ವಾ, ಬೆಟ್ಟ ಹತ್ತಿ ಬಂದೀಯಂತ" ಅಂತ ಕೇಳದೆಯೇ ಹಾಕಿದರು. ಖಾರ ತಿನ್ನದ ಮಕ್ಕಳಿಗೆ ರೊಟ್ಟಿ ಮುರಿದು ಮೊಸರು ಕಲಸಿ ಕೊಟ್ಟರು, ಅದಕ್ಕೆ ದುಡ್ಡು ಹಿಡಿಯಲೇ ಇಲ್ಲ. ಒಬ್ಬರ ಊಟಕ್ಕೆ 60 ರೂಪಾಯಿ. ಊರಿನ ಎಸಿ ಹೋಟೆಲಿನಲ್ಲಿ ಹಿಂದಿನ ರಾತ್ರಿ ತಣ್ಣಗಾದ ಪನ್ನೀರಿಗೆ ಕೊಟ್ಟ ದುಡ್ಡು ನೆನೆದರೆ ಹೊಟ್ಟೆ ಉರಿಯುತ್ತದೆ. ಚಿಲ್ಲರೆ ಇಟ್ಟುಕೊಂಡು ಹೋಗಿ, ಚೌಕಾಸಿ ಮಾಡಬೇಡಿ. ಬೆಳಕು ಹರಿಯುವ ಮೊದಲೇ ಎದ್ದು ರೊಟ್ಟಿ ಬಡಿದು ಹೊತ್ತು ತಂದ ಕೈಗಳವು. ಶುಕ್ರವಾರ ಮತ್ತು ಹುಣ್ಣಿಮೆಗೆ ಗುಡಿಯಲ್ಲಿ ಬಹಳ ಮಂದಿ ಇರುತ್ತಾರೆ, ಕೂರೋಕೆ ಜಾಗ ಸಿಗಲಿಕ್ಕಿಲ್ಲ. ಮಧ್ಯಾಹ್ನ ತಡ ಮಾಡಿದರೆ ಬುಟ್ಟಿ ಖಾಲಿ.

ಇನ್ನು ಬಂಡೆ ಹತ್ತೋಕೆ ಆಗದವರಿಗೆ ಹಳೆಯ ಗುಡಿಗಳಿರುವ ಮಹಾಕೂಟದ ನಡಿಗೆ ಹೇಳುತ್ತೇನೆ. ರಸ್ತೆಯಲ್ಲಿ ಹೋದರೆ ದೂರ ಸುತ್ತು. ಬೆಟ್ಟ ದಾಟಿ ಹೋಗುವ ಹಳೆಯ ಕಾಲುದಾರಿ ಹತ್ತಿರ. ನಮ್ಮ ಅತ್ತೆ ಮಂಡಿನೋವಿನವರು, ಕೋಲು ಹಿಡಿದು ನಿಧಾನಕ್ಕೆ ನಡೆದು ಪೂರ್ತಿ ಮುಗಿಸಿದರು. ದಾರಿ ಅಲ್ಲಲ್ಲಿ ಕವಲೊಡೆಯುತ್ತದೆ, ಗೊತ್ತಿರುವ ಒಬ್ಬರನ್ನು ಕರೆದುಕೊಂಡೇ ಹೋಗಿ. ನೀರು ನಿಮ್ಮದೇ ಹೊತ್ತೊಯ್ಯಬೇಕು, ನಡುವೆ ಅಂಗಡಿ ಇಲ್ಲ. ಇಳಿದ ಕೂಡಲೇ ಮರಗಳ ನಡುವೆ ವಿಷ್ಣು ಪುಷ್ಕರಿಣಿ. ಬೆಟ್ಟದ ಬುಗ್ಗೆಯ ನೀರು ತುಂಬುವ ಹೊಂಡ, ಅದರೊಳಗೇ ನಾಲ್ಕೂ ದಿಕ್ಕಿಗೆ ಮುಖವಿರುವ ಲಿಂಗದ ಪುಟ್ಟ ಮಂಟಪ. ಮಕ್ಕಳು ಬಟ್ಟೆ ಸಮೇತ ಇಳಿದವರು ಎಳೆದರೂ ಮೇಲೆ ಬರಲಿಲ್ಲ. ಇನ್ನೊಂದು ಸಂಗತಿ ನಮ್ಮೂರಿನವರಿಗೆ: ಚಾಲುಕ್ಯ ದೊರೆ ಮಂಗಲೇಶನ ಶಾಸನ ಕೆತ್ತಿದ ಮಹಾಕೂಟದ ಕಂಬ ಈಗ ಇರುವುದು ವಿಜಯಪುರದ ಗೋಲಗುಮ್ಮಟದ ಮ್ಯೂಸಿಯಮ್ಮಿನಲ್ಲಿ. ಇದೇ ಮಂಗಲೇಶನ 578ರ ಶಾಸನ ಬಾದಾಮಿಯ ಮೂರನೇ ಗುಹೆಯಲ್ಲಿದೆ. ಅದನ್ನು ನೋಡಿ ಬಂದು, ಬಿಡುವಿದ್ದಾಗ ಈ ಕಂಬವನ್ನೂ ನೋಡಿ.

ಮಹಾಕೂಟದಿಂದ ವಾಪಸ್ ಬರೋಕೆ ಆಟೋ ಮೊದಲೇ ಹೇಳಿಟ್ಟಿರಬೇಕು. ನಾವು ಹೇಳಿದ್ದರಿಂದ ಬಚಾವಾದೆವು, ಅಲ್ಲಿ ಕಾಯುತ್ತಿದ್ದ ಒಂದು ಕುಟುಂಬ ಎರಡು ತಾಸಿನಿಂದ ಕೂತಿತ್ತು.

ಪಟ್ಟದಕಲ್ಲು, ಐಹೊಳೆ ಈ ಸಲ ಬಿಟ್ಟೆವು. ಭಾನುವಾರದ ಮಂದಿಯ ನಡುವೆ, ಸೋತ ಕಾಲಿನಲ್ಲಿ ನೋಡುವ ಜಾಗಗಳಲ್ಲ ಅವು. ಬಾದಾಮಿಯ ಮ್ಯೂಸಿಯಂ ಶುಕ್ರವಾರ ಬಂದ್, ಅದು ನೆನಪಿರಲಿ.

ಹೋಗಿ ಬರುವುದರ ಬಗ್ಗೆ. ಹುಬ್ಬಳ್ಳಿಯವಳು ಹೆದ್ದಾರಿಯ ಬಸ್ಸಿನಲ್ಲಿ ಬಂದು ಕುಳಗೇರಿ ಕ್ರಾಸಿನಲ್ಲಿ ಇಳಿದು ಇನ್ನೊಂದು ಬಸ್ ಹಿಡಿದಳು. ಎರಡನೆಯದರಲ್ಲಿ ಕಾಲಿಡೋಕೆ ಜಾಗ ಇರಲಿಲ್ಲ, ಕಿಟಕಿಗೆ ಗಾಜಿರಲಿಲ್ಲ, ಬಂದು ಇಳಿದಾಗ ತಲೆತುಂಬಾ ಧೂಳು. ಮಕ್ಕಳಿದ್ದರೆ ರೈಲೇ ಒಳ್ಳೆಯದು. ವಿಜಯಪುರ, ಬಾಗಲಕೋಟೆ, ಗದಗ, ಹುಬ್ಬಳ್ಳಿ ಎಲ್ಲಾ ಒಂದೇ ಲೈನಿನಲ್ಲಿವೆ, ಬಾದಾಮಿ ನಡುವೆ ಬರುತ್ತದೆ. ಸ್ಟೇಷನ್ ಮಾತ್ರ ಊರಿನಿಂದ ಸುಮಾರು 5 ಕಿ.ಮೀ. ದೂರ. ಹಗಲು ಶೇರ್ ಆಟೋ ಸಿಗುತ್ತವೆ. ಕತ್ತಲಾದ ಮೇಲೆ ಅವರು ಹೇಳಿದ್ದೇ ರೇಟು. ರಾತ್ರಿ ರೈಲಿಗೆ ಹೊರಡುವವರು ಹಗಲು ಬಂದ ಆಟೋದವರ ನಂಬರ್ ತೆಗೆದುಕೊಂಡು, ರೇಟು ಆಗಲೇ ಮಾತಾಡಿ ಇಟ್ಟುಕೊಳ್ಳಿ.