ಕೆಟ್ಟ ಕನಸಿನಿಂದ ಎಬ್ಬಿಸುವ ನಾಯಿ

ಹಲಸೂರಿನ ಕಡೆ ಈಗಲೇ ಪಟಾಕಿ ಶುರುವಾಗಿದೆ. ಯುದ್ಧ ಕಂಡು ಬಂದ ಎಷ್ಟೋ ಮಾಜಿ ಸೈನಿಕರಿಗೆ ಈ ವಾರ ನಿದ್ದೆ ಕಷ್ಟ.

ಇಂಥವರ ಜೊತೆಗಿರುವ ಸರ್ವಿಸ್ ಡಾಗ್, ಅಂದರೆ ನೆರವಿಗೆಂದೇ ತರಬೇತಿ ಪಡೆದ ನಾಯಿ, ಬರೀ ಮುದ್ದಿಗಲ್ಲ. ಕೆಟ್ಟ ಕನಸಿನಿಂದ ಎಬ್ಬಿಸುವುದನ್ನು ಅದಕ್ಕೆ ಕಲಿಸುತ್ತಾರೆ. ಮೊದಲು ಕಲಿಸುವವರು ಹಗಲಲ್ಲೇ ಮಲಗಿದಂತೆ ನಟಿಸಿ ಕೈಕಾಲು ಒದರಬೇಕು. ನಾಯಿ ಮೂತಿ ತಾಕಿಸಿದ ಕ್ಷಣವೇ ತಿನಿಸು, ತಡವಾದರೆ ಅದಕ್ಕೆ ಅರ್ಥವಾಗದು. ಆಮೇಲೆ ಹೊದಿಕೆ, ನರಳುವ ದನಿ, ಕತ್ತಲು, ಒಂದೊಂದಾಗಿ ಸೇರಿಸುತ್ತಾ ಹೋಗುವುದು. ಎದ್ದವರ ತೊಡೆಯ ಮೇಲೆ ಎದೆಭಾರ ಹಾಕಿ ಮಲಗುವುದು ಇನ್ನೊಂದು ಪಾಠ. ಆ ಒತ್ತಡ ಹಲವರ ಉಸಿರಾಟವನ್ನು ಹದಕ್ಕೆ ತರುತ್ತದೆ. ಇದಕ್ಕೆ 25–30 ಕೆಜಿಯ ಲ್ಯಾಬ್ರಡಾರ್ ಹೊಂದುತ್ತದೆ. ನಮ್ಮ ಮುಧೋಳದ ಮೇಲೆ ಎಷ್ಟೇ ಹೆಮ್ಮೆಯಿದ್ದರೂ ಅದು ಓಡುವುದನ್ನು ಕಂಡರೆ ಬೆನ್ನಟ್ಟುವ ಬೇಟೆನಾಯಿ.

ಪೂರ್ತಿ ತರಬೇತಿಗೆ ಸಾಮಾನ್ಯವಾಗಿ ಒಂದೂವರೆ, ಎರಡು ವರ್ಷ. ಕೆಲಸ ಕೆಡುವುದು ನಾಯಿಯನ್ನು ಕಾವಲಿಗೆ ಬಳಸಿದಾಗ. ಅದು ಪ್ರತಿ ಮೂಲೆ ಮೂಸಿ ನೋಡಿದರೆ, "ಇಲ್ಲಿ ಅಪಾಯವಿದೆ" ಅನ್ನೋ ಭಯವೇ ಗಟ್ಟಿಯಾಗುತ್ತದೆ. ದಾರಿಯಲ್ಲಿ ಕಂಡರೆ ದಯವಿಟ್ಟು ಕರೆಯಬೇಡಿ, ಬಿಸ್ಕತ್ತು ಕೊಡಬೇಡಿ. ಅದರ ಗಮನ ಜೊತೆಗಿರುವ ಸೈನಿಕರ ಮೇಲೇ ಇರಲಿ.

ನಾಯಿಯಂತೆ ಬಣ್ಣವೂ ನೆರವಿಗೆ ಬರುತ್ತದೆ. ಅಮೆರಿಕದ ಬೆಥೆಸ್ಡಾದ ಸೇನಾ ಚಿಕಿತ್ಸಾ ಕೇಂದ್ರದಲ್ಲಿ ಸೈನಿಕರ ಕೈಗೆ ಖಾಲಿ ಮುಖವಾಡ, ಬಣ್ಣ ಕೊಡುತ್ತಾರೆ. ಬಾಯಿಗೆ ಬಾರದ್ದು ಅಲ್ಲಿ ಮೂಡುತ್ತದೆ. ನೋಡಿ "ಚೆನ್ನಾಗಿದೆ" ಅನ್ನುವುದಕ್ಕಿಂತ "ಇದರ ಬಗ್ಗೆ ಹೇಳ್ತೀರಾ?" ಅಂತ ಕೇಳುವುದು ಮೇಲು.

ನಾಯಿ, ಬಣ್ಣ ಎರಡೂ ಚಿಕಿತ್ಸೆಯ ಜೊತೆಗೆ, ಅದರ ಬದಲಿಗಲ್ಲ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416, ಕನ್ನಡದಲ್ಲೇ ಮಾತಾಡಬಹುದು. ಪಕ್ಕದ ಮನೆಯಲ್ಲಿ ಮಾಜಿ ಸೈನಿಕರಿದ್ದರೆ, ಪಟಾಕಿ ಹಚ್ಚುವ ಹೊತ್ತನ್ನು ಮೊದಲೇ ಹೇಳಿಬಿಡಿ.